ಗೇಟಿನ ಹೊರಗಿನ ಪಾತ್ರ

ಅಕ್ಕೋರ ತುರುಬಿನಲ್ಲಿ ಹೂವು ಕಂಡವರು ಕಡಿಮೆ. ಚಾಕ್‌ಪೀಸು ಕಾಣದವರು ಯಾರೂ ಇಲ್ಲ. ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ ಏನೋ ಹೇಳಬೇಕೆನಿಸಿದರೆ ಕೈಯಲ್ಲಿದ್ದ ಚಾಕ್‌ಪೀಸನ್ನು ತುರುಬಿಗೆ ಸಿಕ್ಕಿಸಿ, ಎರಡೂ ಕೈ ಖಾಲಿ ಮಾಡಿಕೊಂಡು ಮಾತಿಗೆ ನಿಲ್ಲುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಅದು ಅಲ್ಲಿರುವುದು ಮರೆತುಹೋಗಿ ಡಬ್ಬಿಯಿಂದ ಇನ್ನೊಂದು ತೆಗೆದುಕೊಳ್ಳುತ್ತಿದ್ದರು. ಸಂಜೆ ಕವಿತಾಳದ ಬಸ್‌ಸ್ಟ್ಯಾಂಡಿನ ಮುಂದೆ ಬದನೆಕಾಯಿ ಆರಿಸುತ್ತ ಕೂತಾಗಲೂ ಅವರ ತಲೆಯ ಹಿಂದೆ ಎರಡು ಬಿಳಿ ಕೋಡು ಹಾಗೇ ಇರುತ್ತಿದ್ದವು. ನಾವು ಹಿಂದಿನಿಂದ ನಗುತ್ತಿದ್ದೆವು. ಅವರು ತಿರುಗಿಯೂ ನೋಡದೆ, "ನಗ್ರಿ ನಗ್ರಿ, ನಾಳೆ ಬೆಳಿಗ್ಗೆ ನಾನೂ ನಗ್ತೀನಿ" ಎನ್ನುತ್ತಿದ್ದರು.

ಈಗಿನ ಮಕ್ಕಳಿಗೆ ಕಲಿಸುವ ಹೆಣ್ಣುಮಕ್ಕಳೆಲ್ಲ ಮೇಡಂ. ನಮ್ಮ ಕಾಲಕ್ಕೆ ಅಕ್ಕೋರು. ಇವರು ವಿಜ್ಞಾನದ ಅಕ್ಕೋರು. ಹುಟ್ಟೂರು ದೇವದುರ್ಗದ ಆಚೆ, ಕೃಷ್ಣಾ ದಂಡೆಯ ಒಂದು ಹಳ್ಳಿ. ಅವರಪ್ಪ ಕುರಿ ಕಾಯುತ್ತಿದ್ದವರು. "ನಮ್ಮಪ್ಪ ನನಗ ಕುರಿ ಎಣಿಸೋದು ಕಲಿಸಿದ. ಉಳಿದಿದ್ದು ಸಾಲಿ ಕಲಿಸ್ತು" ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು, ನಾಚಿಕೆಯೂ ಇಲ್ಲದೆ ಜಂಬವೂ ಇಲ್ಲದೆ. ಕವಿತಾಳದಲ್ಲಿ ಶಾಲೆಯ ಹಿಂದೆ ಒಂದು ಖೋಲಿ ಬಾಡಿಗೆ ಹಿಡಿದಿದ್ದರು. ಶನಿವಾರ ಶಾಲೆ ಬಿಟ್ಟೊಡನೆ ದೇವದುರ್ಗದ ಬಸ್ಸಿಗೆ ಓಡುತ್ತಿದ್ದರು. ಬಸ್ಸು ಪೂರ್ತಿ ನಿಲ್ಲುವುದರೊಳಗೆ ಕಿಟಕಿಯಿಂದ ಛತ್ರಿ ಒಳಗೆ ಒಗೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಆ ಛತ್ರಿಯನ್ನು ಬಿಸಿಲಿಗಾಗಲಿ ಮಳೆಗಾಗಲಿ ಅವರು ಬಿಚ್ಚಿದ್ದನ್ನು ನಾನಂತೂ ನೋಡಲಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಜೂನ್ ತಿಂಗಳ ಪರಿಸರ ದಿನಕ್ಕೆ ನಾವೊಂದು ನಾಟಕ ಕಟ್ಟಿದೆವು. ಹಸಿರು ಬಣ್ಣದ ಕಾಗದ ಸುತ್ತಿಕೊಂಡು, ತಲೆಗೆ ಬೇವಿನ ತೊಪ್ಪಲು ಕಟ್ಟಿಕೊಂಡು, "ಅಯ್ಯೋ ಮಾನವಾ, ನನ್ನನ್ನು ಕಡಿಯಬೇಡ" ಎಂದು ಅಳುವ ಮರ ನಾನು. ರಟ್ಟಿನ ಕೊಡಲಿ ಹಿಡಿದು "ಹ್ಹ ಹ್ಹ ಹ್ಹಾ" ಎಂದು ನಗುವ ಮಾನವ ನನ್ನ ಗೆಳತಿ ಹುಲಿಗೆಮ್ಮ. ಕೊನೆಗೆ ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗುವುದು. ಬಹಳ ಚೆನ್ನಾಗಿದೆ ಎಂದುಕೊಂಡೇ ಅಕ್ಕೋರ ಮುಂದೆ ಆಡಿ ತೋರಿಸಿದೆವು.

ಅವರು ಚಾಕ್‌ಪೀಸು ತುರುಬಿಗೇರಿಸಿ ನನ್ನ ಹತ್ತಿರ ಬಂದರು.

"ನೀ ಯಾವ ಗಿಡಬೇ?"

"ಗಿಡ ರೀ."

"ಅದ, ಯಾವ ಗಿಡ? ಬೇವೋ, ಜಾಲಿಯೋ, ಹುಣಸಿಯೋ?"

"ಹಂಗೇನಿಲ್ರೀ ಅಕ್ಕೋರ. ಸುಮ್ನ ಗಿಡ."

"ಸುಮ್ನ ಗಿಡ ನಾ ಎಲ್ಲೂ ನೋಡಿಲ್ಲವ್ವಾ. ಯಾರ ಹೊಲದಾಗ ಅದೀ?"

ಅವರು ಹುಲಿಗೆಮ್ಮನ ಕಡೆ ತಿರುಗಿದರು. "ನೀ ಯಾಕ ಹಂಗ ನಕ್ಕಿ?"

"ಕೆಟ್ಟಾವ ಅದೀನಲ್ರೀ, ಅದಕ್ಕ."

"ಕಟಗಿ ಕಡಿಯೋ ಮನಶ್ಯಾ ಹಂಗ ನಕ್ಕಿದ್ದು ನೀ ನೋಡೀಯೇನು? ಅವನ ಮೈಮ್ಯಾಲ ಬೆವರು ಎಲ್ಲದ? ಅವನ ಮನ್ಯಾಗ ಒಲಿ ಹೆಂಗ ಹಚ್ಚತಾರ? ಅವನ್ನ ಯಾರು ಕಳಿಸ್ಯಾರ?" ಎಂದು ಕೇಳುತ್ತಲೇ ಹೋದರು. ಕೊನೆಗೆ ಇಡೀ ತರಗತಿಯನ್ನು ನೋಡಿ, "ನಾಟಕ ಅಂತೀರಿ, ಮತ್ತ ಇದರಾಗ ಮಂದಿ ಎಲ್ಲದಾರ?" ಎಂದರು. ಆ ಪ್ರಶ್ನೆಯನ್ನು ಆಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ಹಸಿರು ಕಾಗದವನ್ನು ಅವರೇ ಬಿಚ್ಚಿ, ಮಡಿಸಿ, ಸ್ವಾತಂತ್ರ್ಯ ದಿನಕ್ಕೆ ಆಗುತ್ತದೆ ಎಂದು ಕಪಾಟಿನಲ್ಲಿಟ್ಟರು.

ಅಂದಿನಿಂದ ನಮ್ಮ ನಾಟಕಗಳಿಗೆ ಅವರ ಕಾನೂನು ಬಂತು. ಗಿಡ ಮಾತಾಡಬಾರದು, ಭೂಮಿತಾಯಿ ಅಳಬಾರದು, ಕೊನೆಗೆ ಘೋಷಣೆ ಕೂಗಬಾರದು. ಯಾರ ತಪ್ಪು ತೋರಿಸುತ್ತೇವೋ ಅವರ ಮಾತು ಎಲ್ಲರಿಗಿಂತ ಗಟ್ಟಿಯಾಗಿರಬೇಕು. ಪಾತ್ರ ಹಂಚುವಾಗ ಅದಲುಬದಲು: ತೊಂದರೆ ಅನುಭವಿಸಿದವರ ಕಡೆಯ ಹುಡುಗಿ ತೊಂದರೆ ಕೊಟ್ಟವರ ಪಾತ್ರ ಮಾಡಬೇಕು, ಕೊಟ್ಟವರ ಕಡೆಯವಳು ಅನುಭವಿಸಿದವರ ಪಾತ್ರ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ಕಾನೂನು ಬೇರೆ. ನಾಟಕ ಯಾರ ಮೇಲಿದೆಯೋ ಅವರ ಮನೆಗೇ ಹೋಗಿ ಅವರೆದುರು ಮೊದಲು ಓದಬೇಕು. ಅವರು ಕೇಳಿಸಿಕೊಂಡ ಮೇಲಷ್ಟೇ ಊರವರ ಮುಂದೆ ಆಡುವುದು. "ಬೆನ್ನ ಹಿಂದ ಆಡೋದು ಚಾಡಿ, ಮುಂದ ಆಡೋದು ನಾಟಕ" ಎನ್ನುತ್ತಿದ್ದರು.

ಒಂದು ದಿನ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಣ್ಣಿಗೆ ಚುಚ್ಚುವಂಥದ್ದು ಏನಿದೆ, ಒಬ್ಬೊಬ್ಬರು ಒಂದೊಂದು ಹೇಳಿ ಎಂದರು. ಚರಂಡಿ ಬಂತು, ಪ್ಲಾಸ್ಟಿಕ್ ತಿಂದು ಸತ್ತ ಎಮ್ಮೆ ಬಂತು. ಹುಲಿಗೆಮ್ಮ ಎದ್ದು ನಿಂತು, "ಬೂದಿ ರೀ" ಎಂದಳು. "ಮಿಲ್ಲಿನ ಬೂದಿ. ನಮ್ಮವ್ವ ಸಂಡಿಗಿ ಹಾಕಿದ್ರ ಸಂಡಿಗಿ ಮ್ಯಾಲ, ತಮ್ಮನ ತೊಟ್ಟಿಲದಾಗ, ಅನ್ನದ ಗಂಗಾಳದಾಗ. ಕಣ್ಣಂತೂ ಕೇಳಬ್ಯಾಡ್ರಿ."

ತರಗತಿಯ ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಆ ಮಿಲ್ಲು ನಮ್ಮದು.

ಅಪ್ಪನ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟನ್ನೇ ಉರಿಸುತ್ತಿದ್ದರು. ಗಾಳಿ ಪಡುವಣದಿಂದ ಬೀಸಿದರೆ ಬೂದಿಯೆಲ್ಲ ಮಿಲ್ಲಿನ ಹಿಂದಿದ್ದ ಕುರಿಗಾರರ ಓಣಿಗೆ. ಹುಲಿಗೆಮ್ಮನ ಮನೆ ಆ ಓಣಿಯಲ್ಲಿ ಮೊದಲನೆಯದು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಕಣ್ಣು ಕೆಂಪಗಿರುವುದನ್ನು ದಿನಾ ನೋಡುತ್ತಿದ್ದೆ. ಅವಳ ಕಣ್ಣು ಇರುವುದೇ ಹಾಗೆ ಎಂದುಕೊಂಡಿದ್ದೆ.

ಮರುದಿನ ಅಕ್ಕೋರು ನನ್ನನ್ನು ಸ್ಟಾಫ್‌ರೂಮಿನ ಹೊರಗೆ ಕರೆದು, "ಸಾವ್ಕಾರನ ಮಾತು ನೀ ಬರಿ" ಎಂದರು.

"ನಾ ಬರಿಯಂಗಿಲ್ರೀ."

"ಯಾಕ?"

"ಅವ್ರು ನಮ್ಮಪ್ಪ ಅದಾರ್ರೀ" ಎನ್ನುವಷ್ಟರಲ್ಲಿ ನನಗೆ ಅಳು ಬಂದಿತ್ತು.

"ಅದಕ್ಕ ನಿನಗ ಹೇಳಾಕತ್ತೀನಿ. ಹುಲಿಗೆಮ್ಮ ಬರದ್ರ ಅವ ರಾಕ್ಷಸ ಆಗ್ತಾನ. ನಿಮ್ಮಪ್ಪ ರಾಕ್ಷಸ ಏನು?"

"ಅಲ್ರೀ."

"ಮತ್ತ ಅದನ್ನ ಯಾರು ಹೇಳಬೇಕು?"

ಅಂದಿನಿಂದ ಊಟಕ್ಕೆ ಕೂತಾಗ ಅಪ್ಪನ ಮಾತನ್ನು ಕಿವಿಗೊಟ್ಟು ಕೇಳತೊಡಗಿದೆ. ಅಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಮುಟ್ಟದವರು, ಹಮಾಲರ ಮನೆಯ ಮದುವೆಗೆ ಅಕ್ಕಿ ಚೀಲ ಕಳಿಸುವವರು, ಹೊಟ್ಟಿನ ಧೂಳಿಗೆ ತಾವೂ ಕೆಮ್ಮುವವರು. ಬೂದಿಯ ಮಾತು ಬಂದಾಗೆಲ್ಲ ಮಿಲ್ಲಿನ ಬೀಗದ ಕೈಯಿಂದ ಕಿವಿಯ ಹಿಂದೆ ಕೆರೆದುಕೊಳ್ಳುತ್ತ ಅದೇ ನಾಲ್ಕು ಮಾತು ಹೇಳುತ್ತಿದ್ದರು. "ಮಿಲ್ ಮೊದಲಿತ್ತು, ಓಣಿ ಆಮ್ಯಾಲ ಬಂತು. ಹೊಟ್ಟು ಸುಡಬ್ಯಾಡ ಅಂದ್ರ ಕಟಗಿ ಸುಡಬೇಕು, ಆಗ ಗಿಡ ಕಡದ್ರು ಅಂತ ಬರ್ತಾರ. ಬಾಯ್ಲರ್ ಆರಿದ್ರ ಎಷ್ಟು ಮನಿ ಒಲಿ ಆರತಾವ ನೋಡ್ರಿ. ಬೂದಿ ಏನು ನಾ ಊದಿ ಕಳಸ್ತೀನಾ? ಗಾಳಿ ಒಯ್ತದ. ಗಾಳಿಗೆ ನಾ ಏನು ಹೇಳ್ಲಿ?" ಎಲ್ಲವನ್ನೂ ಬರೆದೆ. ಬರೆದದ್ದನ್ನು ಓದಿ ನೋಡಿದರೆ ಅಪ್ಪನ ಮಾತಿನಲ್ಲಿ ಸುಳ್ಳೊಂದೂ ಇರಲಿಲ್ಲ. ಅದೇ ನನಗೆ ಕಷ್ಟವಾಯಿತು. ಹುಲಿಗೆಮ್ಮನ ಮಾತಿನಲ್ಲೂ ಸುಳ್ಳಿರಲಿಲ್ಲವಲ್ಲ.

ಓದಲು ಅಪ್ಪಣೆ ಕೇಳಲು ಅಕ್ಕೋರು ತಾವೇ ಮಿಲ್ಲಿಗೆ ಬಂದರು. ನಾನು ತೌಡಿನ ಚೀಲಗಳ ಮರೆಯಲ್ಲಿ ನಿಂತಿದ್ದೆ.

"ಸಾವ್ಕಾರ್ರ, ಮಕ್ಕಳು ನಿಮ್ಮ ಮ್ಯಾಲ ಒಂದು ನಾಟಕ ಬರದಾರ."

"ನನ್ನ ಮ್ಯಾಲ? ನಾ ಇನ್ನಾ ಬದುಕೀನಲ್ರೀ ಅಕ್ಕೋರ!"

"ಅದಕ್ಕ ಬಂದೀನ್ರಿ. ಬದುಕಿದವರ ಮ್ಯಾಲ ಬರದ್ರ ಅವರು ಕೇಳಬಹುದು. ಮಾನ್ವ್ಯಾಗ ಪರಿಸರ ನಾಟಕದ ಸ್ಪರ್ಧೆ ಅದ, ಅಲ್ಲಿಗೆ ಹೋಗೋಕ್ಕಿಂತ ಮೊದಲು ನೀವು ಒಮ್ಮಿ ಕೇಳಬೇಕು. ಬ್ಯಾಡ ಅಂದ್ರ ಆಡಂಗಿಲ್ಲ."

ಅಪ್ಪನಿಗೆ ಖುಷಿಯೇ ಆಗಿತ್ತೆಂದು ಕಾಣುತ್ತದೆ. ಹೊಗಳಿ ಬರೆದಿರಬಹುದೆಂದು ತಿಳಿದು ಓದುವ ದಿನ ಹಮಾಲರಿಗೆಲ್ಲ ಬರಹೇಳಿದರು, ಚಹಾ ತರಿಸಿದರು. ಮಿಲ್ಲಿನ ಕಣದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಅದಲುಬದಲಿನ ಕಾನೂನಿನ ಪ್ರಕಾರ ಹುಲಿಗೆಮ್ಮ ಸಾವ್ಕಾರ, ನಾನು ಓಣಿಯ ಹೆಂಗಸು. ಅವಳು ಧೋತರ ಸುತ್ತಿ, ಹೆಗಲಿಗೆ ಟವೆಲ್ ಹಾಕಿ, ಕೈಯಲ್ಲೊಂದು ಬೀಗದ ಕೈ ಹಿಡಿದು ಬಂದಳು. "ಗಾಳಿ ಒಯ್ತದ. ಗಾಳಿಗೆ ನಾ ಏನು ಹೇಳ್ಲಿ?" ಎನ್ನುತ್ತ ಕಿವಿಯ ಹಿಂದೆ ಕೆರೆದುಕೊಂಡಳು. ಹಮಾಲರಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕೈಯೂ ಆಗ ಕಿವಿಯ ಹತ್ತಿರವೇ ಇತ್ತು. ಅದು ಅಲ್ಲೇ ನಿಂತುಬಿಟ್ಟಿತು.

ಆಮೇಲೆ ನನ್ನ ಸರದಿ. ಸೆರಗು ಹೊದ್ದು ಸಾವ್ಕಾರನ ಎದುರು ಬಂದು ನಿಂತೆ. ಅಪ್ಪನನ್ನು ನೋಡದೆ ಹೇಳಿಬಿಡಬೇಕೆಂದುಕೊಂಡಿದ್ದೆ, ಆಗಲಿಲ್ಲ. "ಸಾವ್ಕಾರ್ರ, ನಿಮ್ಮ ಮಗಳೂ ನನ್ನ ಮಗಳೂ ಒಂದ ಬೆಂಚಿನ ಮ್ಯಾಲ ಕುಂಡ್ರತಾರ. ಒಬ್ಬಾಕಿ ಕಣ್ಣು ಯಾಕ ಕೆಂಪದಾವ ಅಂತ ಮನ್ಯಾಗ ಒಮ್ಮೆರ ಕೇಳೀರೇನು?" ಎಂದೆ. ಹಮಾಲರು ನೆಲ ನೋಡುತ್ತಿದ್ದರು. ಅಪ್ಪ ಎದ್ದು ಹೋಗುತ್ತಾರೆ, ನನಗೆ ಇನ್ನು ಮನೆಯಿಲ್ಲ ಎಂದುಕೊಂಡೆ.

ಅಪ್ಪ ಏಳಲಿಲ್ಲ. ಅಕ್ಕೋರ ಕಡೆ ನೋಡಿ, "ಇದು ತಪ್ಪದ್ರಿ" ಎಂದರು.

"ಯಾವುದ್ರಿ?"

"ಆ ಹೆಣಮಗಳು ಹಿಂಗ ಒಳಗ ಬಂದು ಮಾತಾಡಂಗಿಲ್ಲ. ಗೇಟಿನ ಹೊರಗ ಬಂದು ನಿಲ್ತಾಳ. ನಿಂತು, ಹಂಗ ಹೋಗಿಬಿಡ್ತಾಳ. ನಾ ನೋಡೀನಿ."

ಹುಲಿಗೆಮ್ಮನ ಮುಖ ಬಿಳಚಿಕೊಂಡಿತು. ಅವಳವ್ವ ಹಾಗೆ ಬಂದು ನಿಂತು ಹೋಗುತ್ತಿದ್ದದ್ದು ಅವಳಿಗೂ ಗೊತ್ತಿರಲಿಲ್ಲ. ಅಕ್ಕೋರು ತುರುಬಿನಿಂದ ಚಾಕ್‌ಪೀಸು ತೆಗೆದು, ಕಣದ ಸಿಮೆಂಟಿನ ಮೇಲೆ ಒಂದು ಗೆರೆ ಎಳೆದರು. "ಹಂಗಾದ್ರ ಬದಲು ಮಾಡೋಣ್ರಿ. ಇದು ಗೇಟು. ನೀ ಇದರ ಹೊರಗ ನಿಂತು, ನಿನ್ನಷ್ಟಕ್ಕ ನೀ ಹೇಳಿಕೋ. ಒಳಗಿನವರಿಗೆ ಕೇಳಿಸ್ತದೋ ಇಲ್ಲೋ, ಮಂದಿ ನೋಡ್ಲಿ" ಎಂದರು. ನಾನು ಗೆರೆಯ ಆಚೆ ಹೋಗಿ ನಿಂತು ಮತ್ತೊಮ್ಮೆ ಹೇಳಿದೆ. ಈ ಸಲ ಅಪ್ಪ ಚಹಾದ ಕಪ್ಪು ನೋಡುತ್ತ ಕೂತಿದ್ದರು. ಮುಗಿದ ಮೇಲೆ, "ಆಡ್ರಿ" ಎಂದರು, ಅಷ್ಟೇ.

ಮಾನ್ವಿಯ ಸ್ಪರ್ಧೆಗೆ ನಾವು ಹೋದದ್ದು ಯಾರ ಗಾಡಿಯಲ್ಲಿ ಎಂದರೆ ಯಾರೂ ನಂಬುವುದಿಲ್ಲ. ಮಿಲ್ಲಿನ ಟೆಂಪೋದಲ್ಲಿ! ಅಪ್ಪನೇ ಕಳಿಸಿದರು. ಮಿಲ್ಲಿನ ಮೇಲಿನ ನಾಟಕಕ್ಕೆ ಮಿಲ್ಲಿನ ಟೆಂಪೋದಲ್ಲಿ, ಹೊಟ್ಟಿನ ವಾಸನೆಯಲ್ಲಿ ಕೂತು, ಮಾತು ಬಾಯಿಪಾಠ ಮಾಡುತ್ತ ಹೋದೆವು. ಬಹುಮಾನ ಬರಲಿಲ್ಲ. ತೀರ್ಪುಗಾರರೊಬ್ಬರು ಅಕ್ಕೋರನ್ನು ಕರೆದು, "ಅಭಿನಯ ಚೊಲೋ ಅದ ಮೇಡಂ, ಆದ್ರ ಇದರಾಗ ಪರಿಸರ ಎಲ್ಲದ? ಒಂದು ಗಿಡನೂ ಇಲ್ಲಲ್ರೀ" ಎಂದರಂತೆ. ಮೊದಲನೇ ಬಹುಮಾನ ಒಂದು ಮಾತಾಡುವ ಆಲದ ಮರಕ್ಕೆ ಹೋಯಿತು. ವಾಪಸು ಬರುವಾಗ ಅಕ್ಕೋರು ನಮಗೆಲ್ಲ ಒಗ್ಗಾಣಿ ಮಿರ್ಚಿ ಕೊಡಿಸಿ, ತಾವೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಿರ್ಚಿಯ ಖಾರಕ್ಕೋ ನಗುವಿಗೋ ಆ ನೀರು ಎಂದು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಆಮೇಲೆ ಮಿಲ್ಲಿನಿಂದ ಬೂದಿ ಹೊರಗೆ ಹೋಗುವಾಗ ನೀರು ಹೊಡೆದು, ಟ್ರ್ಯಾಕ್ಟರಿಗೆ ತಾಡಪತ್ರಿ ಕಟ್ಟಿ ಒಯ್ಯುವುದು ಶುರುವಾಯಿತು. ರಸ್ತೆ ಪಕ್ಕದ ಬೂದಿ ಗುಡ್ಡೆ ನಮ್ಮದೇ ಹೊಲದ ತಗ್ಗಿಗೆ ಹೋಯಿತು. ಚಿಮಣಿಯ ಬೂದಿ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಅಪ್ಪ ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುವುದನ್ನೂ ಬಿಟ್ಟರು. ಅದಕ್ಕೆ ನನಗೆ ಇಂದಿಗೂ ಬೇಜಾರಿದೆ.

ಅಕ್ಕೋರನ್ನು ಎಲ್ಲರೂ ಮೆಚ್ಚುತ್ತಿದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಪೋಷಕರೊಬ್ಬರು ಬಂದು, "ವಿಜ್ಞಾನ ಕಲಸ್ರಿ ಅಂದ್ರ ನಾಟಕ ಕಲಸಾಕತ್ತೀರಿ" ಎಂದು ಕೂಗಾಡಿದ್ದು ನೆನಪಿದೆ. ಅಕ್ಕೋರು ಅವರನ್ನು ಕೂರಿಸಿ, "ಬೂದಿ ಎಷ್ಟು ದೂರ ಹಾರ್ತದ ಅನ್ನೋದು ವಿಜ್ಞಾನ ರೀ. ಯಾರ ಕಣ್ಣಾಗ ಬೀಳ್ತದ ಅನ್ನೋದು ನಾಟಕ. ನಾ ಎರಡೂ ಕಲಸ್ತೀನಿ, ಪಗಾರ ಒಂದ ತಗೋತೀನಿ" ಎಂದರು. ಅವರಿಗೆ ಹೊಗಳಲು ಬರುತ್ತಿರಲಿಲ್ಲ. ನಾವು ಜೀವ ತೇದು ಬರೆದದ್ದನ್ನು ಓದಿ, "ಹ್ಞೂಂ, ಎರಡನೇ ಪುಟದಿಂದ ಶುರು ಮಾಡ್ರಿ, ಮೊದಲನೇದು ಬ್ಯಾಡ" ಎಂದರೆ ಅದೇ ದೊಡ್ಡ ಶಹಬ್ಬಾಸ್. ಹಟಮಾರಿ. ಒಮ್ಮೆ ಬೇಡ ಎಂದರೆ ಮುಗಿಯಿತು.

ಆ ಹಟ ನನಗೆ ಸರಿಕಾಣದ ಸಂದರ್ಭವೂ ಒಂದಿದೆ. ಆಗ ನಾನು ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ. ಅಕ್ಕೋರಿಗೆ ದೇವದುರ್ಗದ ಕಡೆಗೇ ವರ್ಗವಾಗಿತ್ತು. ಅಲ್ಲಿನ ಮಕ್ಕಳು ಹೊಳೆಯ ಉಸುಕು ತುಂಬಿ ಒಯ್ಯುವ ಟ್ರ್ಯಾಕ್ಟರುಗಳ ಮೇಲೆ ನಾಟಕ ಬರೆದರು. ಟ್ರ್ಯಾಕ್ಟರುಗಳ ಮಾಲೀಕನ ಮನೆಗೆ ಓದಲು ಹೋದರೆ ಆತ, "ಕೇಳಾಕ ನನಗ ವ್ಯಾಳ್ಯಾ ಇಲ್ಲ" ಎಂದು ಬಾಗಿಲು ಹಾಕಿಕೊಂಡ. ಅಕ್ಕೋರು ಮತ್ತೆ ಮತ್ತೆ ಹೋದರು, ಮಕ್ಕಳನ್ನು ಬಿಟ್ಟು ಒಬ್ಬರೇ ಹೋಗಿ ಕಟ್ಟೆಯ ಮೇಲೆ ಕೂತು ಬಂದರು. ಆತ ಕೇಳಲೇ ಇಲ್ಲ. ಅಕ್ಕೋರು ನಾಟಕ ಆಡಿಸಲೇ ಇಲ್ಲ. "ನಿಮ್ಮ ಕಾನೂನಿನಿಂದ ಲಾಭ ಯಾರಿಗಾತ್ರಿ? ಕೇಳದಾವಗ ಆತು" ಎಂದು ನಾನು ಜಗಳವಾಡಿದೆ. "ಹೌದು" ಎಂದರು. "ಆದ್ರೂ ಆಡಿಸಂಗಿಲ್ಲ?" "ಇಲ್ಲ." ಅದು ಸರಿಯಾ ಎಂದು ಈಗಲೂ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲವೇನೋ. ಆ ನಾಟಕದ ಮಾತು ಬಂದಾಗ ಅವರ ಮುಖ ಸಪ್ಪಗಾಗುತ್ತಿತ್ತು.

ವರ್ಷಗಳು ಹೋದವು. ಹುಲಿಗೆಮ್ಮ ಓದಿ ಬಾಗಲವಾಡದ ಶಾಲೆಯಲ್ಲಿ ಕಲಿಸತೊಡಗಿದಳು. ಅಲ್ಲಿ ಅವಳೂ ಮಕ್ಕಳಿಂದ ನಾಟಕ ಬರೆಸುತ್ತಾಳೆ, ಅದೇ ಕಾನೂನು. ಅಕ್ಕೋರು ನಿವೃತ್ತಿಯಾಗಿ ರಾಯಚೂರಿನಲ್ಲಿ ತಂಗಿಯ ಮಗನ ಜೊತೆ ಇದ್ದರು. ಅಪ್ಪನಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ಮಿಲ್ಲಿನ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ನಾನು ಬಂದ ಮೇಲೆ ಮಿಲ್ಲು ಬೆಳೆಯಿತು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಭತ್ತ ನೆನೆಸಿ ಕುದಿಸಿ ಅಕ್ಕಿ ಮಾಡುವ ಹೊಸ ಘಟಕ ಹಾಕಿಸಿದೆ. ಹೊಸ ಚಿಮಣಿ ಬಂತು, ಬೂದಿ ಹಿಡಿಯುವ ಯಂತ್ರ ಬಂತು. ಊರ ಹೆಂಗಸರು ನನ್ನನ್ನು ಸಾವ್ಕಾರ್ತಿ ಎಂದು ಕರೆದರೆ ಹಿತವಾಗುತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅಕ್ಕೋರ ಫೋನು ಬಂತು. "ಶನಿವಾರ ಮಿಲ್ಲಿನಾಗ ಇರ್ತೀಯೇನು? ಬಾಗಲವಾಡದ ಮಕ್ಕಳು ಬರಾಕತ್ಯಾರ." ಮಕ್ಕಳು ಮಿಲ್ಲು ನೋಡಲು ಬರುತ್ತಾರೆಂದು ತಿಳಿದು ಸಂತೋಷದಿಂದ ಕಣ ಗುಡಿಸಿಸಿದೆ, ಒಗ್ಗಾಣಿ ಮಾಡಿಸಿದೆ. ಅಕ್ಕೋರು ಹುಲಿಗೆಮ್ಮನ ತೋಳು ಹಿಡಿದುಕೊಂಡು ಕಾರಿನಿಂದ ಇಳಿದರು. ಬಹಳ ಸೊರಗಿದ್ದರು. ಕೂದಲು ಪೂರ್ತಿ ಬಿಳಿ. ಆ ಬಿಳಿಯಲ್ಲಿ ಚಾಕ್‌ಪೀಸು ಹುಡುಕಿ ನೋಡಬೇಕಾಯಿತು, ಇತ್ತು. ನಿವೃತ್ತಿಯಾದ ಮೇಲೂ ಯಾವ ಬೋರ್ಡಿನ ಮೇಲೆ ಬರೆಯುತ್ತಿದ್ದರೋ!

ಕುರ್ಚಿ ಹಾಕಿಸಲು ಹೋದರೆ ಅಕ್ಕೋರು, "ನನಗಲ್ಲ, ನಿನಗ. ನೀ ಕುಂಡ್ರು" ಎಂದರು. ಆಗ ನನಗೆ ತಿಳಿಯಿತು.

"ನನ್ನ ಮ್ಯಾಲೇನ್ರೀ ಅಕ್ಕೋರ?"

"ನಿನ್ನ ಮ್ಯಾಲ ಅಲ್ಲವ್ವಾ, ನೀರಿನ ಮ್ಯಾಲ." ಕೂಡಲೇ ತಾವೇ ತಿದ್ದಿಕೊಂಡು, "ಇಲ್ಲ, ಸುಳ್ಳು ಯಾಕ ಹೇಳ್ಲಿ. ನಿನ್ನ ಮ್ಯಾಲ" ಎಂದರು.

ಭತ್ತ ನೆನೆಸಿ ಕುದಿಸಿದ ನೀರು ನಮ್ಮ ಮಿಲ್ಲಿನ ಹಿಂದಿನ ಕಾಲುವೆಯಿಂದ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳ ಬಾಗಲವಾಡದ ಕಡೆ ಹರಿಯುತ್ತದೆ. ಮಕ್ಕಳು ಬರೆದದ್ದು ಆ ನೀರಿನ ವಾಸನೆ, ಆ ನೀರು ಕುಡಿಯದ ಕುರಿಗಳು, ದೂರದ ಬೋರಿಗೆ ಕುರಿ ಹೊಡೆದುಕೊಂಡು ಹೋಗುವ ಒಬ್ಬ ಹೆಂಗಸು. ನನಗೆ ಮೈಯೆಲ್ಲ ಉರಿಯಿತು. ಬೂದಿ ನಿಲ್ಲಿಸಿದವಳು ನಾನು, ಚಿಮಣಿ ಏರಿಸಿದವಳು ನಾನು. ಊರಲ್ಲಿ ಇಷ್ಟು ಮಿಲ್ಲುಗಳಿದ್ದರೂ ಇವರಿಗೆ ನನ್ನದೇ ಸಿಕ್ಕಿತೇ? ಹುಲಿಗೆಮ್ಮನನ್ನು ದುರುಗುಟ್ಟಿ ನೋಡಿದೆ. ಅವಳು ಒಗ್ಗಾಣಿ ಮುಟ್ಟಿರಲಿಲ್ಲ.

"ಸಾವ್ಕಾರ್ತಿ ಮಾತು ಇವರಿಗೆ ಬರಿಯಾಕ ಬರವಲ್ತು" ಎಂದರು ಅಕ್ಕೋರು. "ಬರೀ ಹ್ಹ ಹ್ಹ ಹ್ಹಾ ಅಂತ ಬರದಾರ. ನೀ ಹೇಳು, ಅವರು ಬರಕೋತಾರ. ಗಟ್ಟಿ ಹೇಳು ಮತ್ತ. ಹಗುರ ಆಗಬಾರದು."

ಜಡೆ ಹಾಕಿದ ಒಬ್ಬ ಹುಡುಗಿ ಪೆನ್ನು ಹಿಡಿದು ನನ್ನ ಮುಂದೆ ಕೂತಳು. ನನಗೂ ಸಿಟ್ಟಿತ್ತು, ಹೇಳತೊಡಗಿದೆ. "ಬರಕೋಬೇ. ಈ ಮಿಲ್ಲಿನಿಂದ ಎಷ್ಟು ಮನಿ ನಡೀತಾವ ನೋಡ್ರಿ. ನೀರಿನಾಗ ನಾ ವಿಷ ಏನೂ ಹಾಕಿಲ್ಲ, ನೆಲ್ಲು ತೊಳೆದ ನೀರದು. ಕುದಿಸಿದ ಅಕ್ಕಿ ಬೇಕಂದ್ರ ನೀರು ಬರ್ತದ. ನಾ ಏನು ಅದನ್ನ ಕೊಡದಾಗ ಹೊತ್ತು ಹಳ್ಳಕ್ಕ ಹಾಕ್ತೀನಾ? ನೀರು ಇಳಕಲಿಗೆ ಹೋಗ್ತದ. ನೀರಿಗೆ ನಾ ಏನು..."

ನನ್ನ ಬಾಯಿ ನಿಂತಿತು. ಕೈ ಸೊಂಟದಿಂದ ಬೀಗದ ಕೈ ತೆಗೆದು ಕಿವಿಯ ಹತ್ತಿರ ಹಿಡಿದಿತ್ತು.

"...ಹೇಳ್ಲಿ" ಎಂದಳು ಹುಲಿಗೆಮ್ಮ. ಅವಳು ನಗುತ್ತಿರಲಿಲ್ಲ. ಅಂದು ಇದೇ ಕಣದಲ್ಲಿ ಧೋತರ ಸುತ್ತಿಕೊಂಡು ಆಡಿದ ಮಾತು ಅವಳಿಗೆ ಇನ್ನೂ ಬಾಯಿಪಾಠವಿತ್ತು.

ಅಕ್ಕೋರು ನನ್ನನ್ನು ನೋಡಲಿಲ್ಲ. ಆ ದೊಡ್ಡತನ ಅವರಲ್ಲಿತ್ತು. ಚಹಾ ಸಾಸರಿಗೆ ಬಗ್ಗಿಸಿ ಊದುತ್ತ, ಪೆನ್ನು ಹಿಡಿದ ಹುಡುಗಿಯನ್ನು ಮಾತ್ರ ಕೇಳಿದರು: "ಎಲ್ಲಾ ಬರಕೊಂಡ್ಯೇನವ್ವಾ? ಚೊಲೋ ಮಾತದಾವ ನೋಡು." ಹೊರಡುವಾಗ ಕಾರಿನ ಬಾಗಿಲು ಹಿಡಿದು, "ಕುರಿ ಕಾಯೋ ಹೆಣಮಗಳ ಪಾರ್ಟು ಇನ್ನಾ ಖಾಲಿ ಅದ" ಎಂದರು.

"ಮಕ್ಕಳ ನಾಟಕದಾಗ ನಾ ಏನು ಮಾಡ್ಲಿ ಬಿಡ್ರಿ" ಎಂದು ನಕ್ಕು ತೇಲಿಸಿದೆ.

"ಗೇಟಿನ ಹೊರಗ ನಿಲ್ಲೋದು ನಿನಗ ಬರ್ತದ" ಎಂದರು. ನಾನು ಕೇಳಿದ ಅವರ ಕಡೆಯ ಮಾತು ಅದು.

ಚಳಿಗಾಲ ಮುಗಿಯುವ ಮೊದಲೇ ಅಕ್ಕೋರು ಹೋದರು. ರಾಯಚೂರಿನ ಆ ಸಣ್ಣ ಮನೆಯ ಮುಂದೆ ಕವಿತಾಳದವರು, ದೇವದುರ್ಗದವರು, ಮಾನ್ವಿಯವರು, ಗುರುತು ಹತ್ತದಷ್ಟು ದೊಡ್ಡವರಾದ ನಮ್ಮಂಥ ಮಕ್ಕಳು ತುಂಬಿದ್ದರು. ಯಾರೋ ಪುಣ್ಯಾತ್ಗಿತ್ತಿ ಅವರ ತುರುಬಿಗೆ ದೊಡ್ಡ ಮಲ್ಲಿಗೆ ದಂಡೆ ಮುಡಿಸಿದ್ದಳು. ಅದನ್ನು ನೋಡಿದ್ದೇ ನನಗೆ ತಡೆಯಲಾಗದೆ ಅಳು ಬಂತು. ಬೇರೆ ಯಾರ ಮುಂದೋ ನಿಂತ ಹಾಗಾಯಿತು. ಹುಲಿಗೆಮ್ಮ ತನ್ನ ಚೀಲದಿಂದ ಒಂದು ಚಾಕ್‌ಪೀಸು ತೆಗೆದು ಹೂವಿನ ಪಕ್ಕ ಸಿಕ್ಕಿಸಿದಳು. ಆಗ ಅವರು ನಮ್ಮ ಅಕ್ಕೋರಾದರು.

ವಾಪಸು ಬರುವಾಗ ಹುಲಿಗೆಮ್ಮನನ್ನು ನನ್ನ ಜೊತೆಗೇ ಕರೆತಂದೆ. ಆ ಖಾಲಿ ಪಾರ್ಟಿನ ಮಾತನ್ನು ಅವಳು ಎತ್ತಲಿಲ್ಲ. ಬಾಗಲವಾಡದ ತಿರುವಿನಲ್ಲಿ ಅವಳು ಇಳಿಯುವಾಗ, "ಕಂಬಳಿ ನೀ ಕೊಡ್ತೀಯೋ, ನಾ ತರ್ಲೋ?" ಎಂದು ನಾನೇ ಕೇಳಿದೆ. "ನಮ್ಮವ್ವಂದು ಅದ" ಎಂದಳು.

ಮಿಲ್ಲಿನ ಹಿಂದೆ ನೀರು ನಿಲ್ಲಿಸುವ ಹೊಂಡಗಳನ್ನು ತೋಡಿಸುತ್ತಿದ್ದೇನೆ. ಒಂದು ಆಗಿದೆ, ಇನ್ನೊಂದು ಅರ್ಧಕ್ಕೆ ನಿಂತಿದೆ. ಹುಲಿಗೆಮ್ಮ ಭಾನುವಾರ ಬಂದು ನೋಡಿ, ಇದು ಸಾಲದು, ಅದು ಸರಿಯಿಲ್ಲ ಎಂದು ತಪ್ಪು ಹುಡುಕಿ ಹೋಗುತ್ತಾಳೆ. ಹಳ್ಳದ ವಾಸನೆ ಪೂರ್ತಿ ಹೋಗಿಲ್ಲ. ಆದ್ದರಿಂದ ನಾನೊಂದು ದೊಡ್ಡ 'ಒಳ್ಳೆಯ ಕೆಲಸ' ಮಾಡಿದೆನೆಂದು ಯಾರೂ ತಿಳಿಯಬಾರದು.

ಶಾಲೆಯ ವಾರ್ಷಿಕ ದಿನ ಬಾಗಲವಾಡದಲ್ಲಿ ಊರೆಲ್ಲ ಸೇರಿತ್ತು. ಅಪ್ಪನನ್ನು ಇಬ್ಬರು ಹಮಾಲರು ಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹುಲಿಗೆಮ್ಮ ಸ್ಟೇಜಿನ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದಳು. ಗೆರೆಯ ಒಳಗೆ ಆ ಜಡೆಯ ಹುಡುಗಿ, ಅವಳ ಸೊಂಟದಲ್ಲಿ ನನ್ನದೇ ಬೀಗದ ಕೈ. ಗೆರೆಯ ಹೊರಗೆ ಹೆಗಲ ಮೇಲೆ ಕಂಬಳಿ ಹೊದ್ದ ನಾನು. ಸಾವ್ಕಾರ್ತಿ ಬಂದಿದ್ದಾಳೆಂದು ಮಂದಿ ಗುಸುಗುಸು ಎನ್ನುತ್ತಿದ್ದರು.

ಹುಡುಗಿ ಚೆನ್ನಾಗಿಯೇ ಶುರು ಮಾಡಿದಳು. "ನೀರು ಇಳಕಲಿಗೆ ಹೋಗ್ತದ" ಎಂದಳು, ಬೀಗದ ಕೈ ಕಿವಿಗೆ ಒಯ್ದಳು, ಅಲ್ಲಿಗೆ ಮಾತು ಮರೆತುಹೋಯಿತು. ಅಷ್ಟು ಮಂದಿಯನ್ನು ನೋಡಿ ಹೆದರಿದ್ದಳು. ಹುಲಿಗೆಮ್ಮ ಪರದೆಯ ಹಿಂದಿನಿಂದ ಹೇಳಿಕೊಡುತ್ತಾಳೆಂದು ಕಾದೆ. ಅವಳು ಹೇಳಲಿಲ್ಲ. ಹುಡುಗಿ ಕಣ್ಣು ತುಂಬಿಕೊಂಡು ನನ್ನ ಕಡೆ ನೋಡಿದಳು. ಮುಂದಿನ ಸಾಲಿನಲ್ಲಿ ಅಪ್ಪ ಖಾಲಿ ಕೈಯನ್ನು ಮೆಲ್ಲಗೆ ಕಿವಿಯ ಹತ್ತಿರ ಒಯ್ಯುತ್ತಿದ್ದರು.

"ನೀರಿಗೆ ನಾ ಏನು ಹೇಳ್ಲಿ" ಎಂದು ನಾನೇ ಅವಳಿಗೆ ಪಿಸುದನಿಯಲ್ಲಿ ಹೇಳಿಕೊಟ್ಟೆ. ಅವಳು ಅದನ್ನು ಗಟ್ಟಿಯಾಗಿ, ಹಗುರಾಗದ ಹಾಗೆ ಹೇಳಿದಳು. ಇನ್ನು ಅದಕ್ಕೆ ಉತ್ತರ ಕೊಡಬೇಕಾದವಳು ನಾನಾಗಿದ್ದೆ. ಗೆರೆ ದಾಟದೆ, ಗೇಟಿನ ಹೊರಗೇ ನಿಂತು ಕೊಟ್ಟೆ.